ಮರಿಸೋಲ್ ಎಂಬ ಗೊಂಬೆ ಮತ್ತು ಅವಳ ಮೊಹಲ್ಲಾ

ಗೊಂಬೆಯೊಂದರ ವಿರುದ್ಧ ಒಂದು ಮೊಹಲ್ಲಾದ ಜನರೇ ಸಿಟ್ಟಿಗೆದ್ದರೆಂದರೆ ನಮಗೆ ನಗು ಬರಬಹುದು. 2005ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಹಾಗಾಯಿತು. ಕಾರಣ ತಿಳಿದರೆ ನಗು ನಿಲ್ಲುತ್ತದೆ.

ಗೊಂಬೆಯ ಜೊತೆ ಕತೆಪುಸ್ತಕ ಕೊಟ್ಟು ಹೆಣ್ಣುಮಕ್ಕಳಿಗೆ ಇತಿಹಾಸ ತಿಳಿಸುವ 'ಅಮೆರಿಕನ್ ಗರ್ಲ್' ಸರಣಿಯನ್ನು ಪ್ಲೆಸೆಂಟ್ ರೋಲೆಂಡ್ ಎಂಬ ಮಾಜಿ ಶಿಕ್ಷಕಿ 1986ರಲ್ಲಿ ಆರಂಭಿಸಿದರು. 1998ರಲ್ಲಿ ಬಾರ್ಬಿ ಗೊಂಬೆಯ ಮ್ಯಾಟೆಲ್ ಕಂಪೆನಿ ಅದನ್ನು ಕೊಂಡುಕೊಂಡಿತು. ಲ್ಯಾಟಿನ್ ಅಮೆರಿಕನ್ ಮೂಲದ, ಅಂದರೆ ಲ್ಯಾಟಿನಾ ಹುಡುಗಿಯೊಬ್ಬಳು ಈ ಸರಣಿಗೆ ಬಂದದ್ದು 1997ರಲ್ಲಿ. ಅವಳು ಜೋಸೆಫೀನಾ. 1824ರ ನ್ಯೂ ಮೆಕ್ಸಿಕೊದವಳು. ಆಗ ಆ ನೆಲ ಅಮೆರಿಕಕ್ಕಲ್ಲ, ಮೆಕ್ಸಿಕೊಗೆ ಸೇರಿತ್ತು. ವಲಸಿಗರೆಂದು ಕರೆಸಿಕೊಳ್ಳುವವರ ಪೂರ್ವಜರು ಗಡಿಗಿಂತ ಮೊದಲೇ ಅಲ್ಲಿದ್ದರೆಂಬುದನ್ನು ಗೊಂಬೆಯೊಂದು ಮಕ್ಕಳಿಗೆ ಹೇಳಿತು. ಸಣ್ಣ ವಿಷಯವೇನಲ್ಲ.

2005ರಲ್ಲಿ ಬಂದ ಮರಿಸೋಲ್ ಲೂನಾ ನಮ್ಮ ಕಾಲದ ಹುಡುಗಿ. ನೃತ್ಯವೆಂದರೆ ಅವಳಿಗೆ ಪ್ರಾಣ, ಅದರಲ್ಲೂ 'ಬ್ಯಾಲೆ ಫೋಕ್ಲೊರಿಕೊ'. ಬಣ್ಣಬಣ್ಣದ ಪಟ್ಟಿ ಹೊಲಿದ ಅಗಲವಾದ ಲಂಗವನ್ನು ಬೀಸುತ್ತಾ, ಹಿಮ್ಮಡಿಯಿಂದ ನೆಲ ತಟ್ಟುತ್ತಾ ಕುಣಿಯುವ ನೃತ್ಯವದು. 1910ರ ಕ್ರಾಂತಿಯ ನಂತರ ಮೆಕ್ಸಿಕೊದ ಸರಕಾರ ಬೇರೆ ಬೇರೆ ಪ್ರಾಂತಗಳ ಜನಪದ ಕುಣಿತಗಳನ್ನು ಶಾಲೆಗಳಿಗೆ ತಂದಿತು. 1952ರಲ್ಲಿ ಅಮಾಲಿಯಾ ಹೆರ್ನಾಂದೆಸ್ ತಂಡ ಕಟ್ಟಿ ಅವನ್ನು ದೊಡ್ಡ ವೇದಿಕೆಗೇರಿಸಿದರು. ವಲಸೆ ಹೋದವರು ಈ ಕುಣಿತವನ್ನೂ ಜೊತೆಗೊಯ್ದರು. ಸ್ಪ್ಯಾನಿಷ್ ಮರೆತ ಮೊಮ್ಮಕ್ಕಳಿಗೂ ಕಾಲಿನ ತಾಳ ತಿಳಿಯುತ್ತದಲ್ಲ!

ಮರಿಸೋಲ್‌ಳ ಮನೆ ಶಿಕಾಗೊದ ಪಿಲ್ಸೆನ್‌ನಲ್ಲಿ. ಚೆಕ್ ವಲಸಿಗರು ಹೆಸರಿಟ್ಟ ಆ ಮೊಹಲ್ಲಾಕ್ಕೆ 1950-60ರ ದಶಕಗಳಲ್ಲಿ ಮೆಕ್ಸಿಕನ್ನರು ಬಂದು ನೆಲೆಸಿದರು. ಗೋಡೆಗಳ ಮೇಲೆಲ್ಲ ಚಿತ್ರ ಬರೆದರು, 1987ರಲ್ಲಿ ತಮ್ಮದೇ ಕಲಾ ಸಂಗ್ರಹಾಲಯ ತೆರೆದರು. ಆದರೆ ಕತೆಯಲ್ಲಿ ತಂದೆತಾಯಿ ಪಿಲ್ಸೆನ್ ಬಿಡಲು ನಿರ್ಧರಿಸುತ್ತಾರೆ. ಮಕ್ಕಳಿಗೆ ಆಡಲು ಜಾಗವಿಲ್ಲ, ಇಲ್ಲಿರುವುದು ಅಪಾಯ ಎಂಬುದು ತಾಯಿಯ ಮಾತು. ಕುಟುಂಬ ಡೆ ಪ್ಲೇನ್ಸ್ ಎಂಬ ಉಪನಗರಕ್ಕೆ ಹೋಗುತ್ತದೆ.

ಜನ ನೊಂದದ್ದು ಇಲ್ಲಿಯೇ. ಇದನ್ನು ಬರೆದವರು ಹೊರಗಿನವರಲ್ಲ, ಮೆಕ್ಸಿಕನ್ ಮೂಲದವರೇ ಆದ ಕವಿ ಗ್ಯಾರಿ ಸೋಟೊ. ಅವರ ಉದ್ದೇಶವನ್ನು ನಾವು ಶಂಕಿಸುವುದಿಲ್ಲ. ಯಾವ ತಾಯಿಯೂ ಹಾಗೆ ಹೇಳಬಹುದು. ಆದರೆ ಪಿಲ್ಸೆನ್‌ನ ಹೆಸರನ್ನು ಬೇರೆಲ್ಲೂ ಕೇಳದ ಲಕ್ಷಾಂತರ ಮಕ್ಕಳಿಗೆ ಆ ಒಂದು ವಾಕ್ಯವೇ ಪಿಲ್ಸೆನ್ ಆಗಿಬಿಡುತ್ತದೆ. ತಮ್ಮ ಮೊಹಲ್ಲಾದ ಹೆಸರು ಹೇಳಿದೊಡನೆ ಎದುರಿನವರ ಮುಖ ಬದಲಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ವಿಚಿತ್ರವೆಂದರೆ, ಕತೆಯ ಆ ಹೊಸ ಬಡಾವಣೆಯಲ್ಲಿ ನೃತ್ಯಶಾಲೆಯೇ ಇಲ್ಲ. ಮರಿಸೋಲ್ ಹುಡುಕುವ ಕುಣಿತ ಬಿಟ್ಟು ಬಂದ ಬೀದಿಯಲ್ಲೇ ಇತ್ತು.

ವರ್ಷಕ್ಕೊಂದು ಗೊಂಬೆ ಎಂಬ ನಿಯಮದಂತೆ ಮರಿಸೋಲ್ ಮಾರಾಟ ಬೇಗನೆ ನಿಂತಿತು. ಆ ಬಳಿಕದ ವರ್ಷಗಳಲ್ಲಿ ಸಾವಿರಾರು ಮೆಕ್ಸಿಕನ್ನರು ನಿಜವಾಗಿಯೂ ಪಿಲ್ಸೆನ್ ಬಿಟ್ಟರು. ಅವರಲ್ಲಿ ಅನೇಕರನ್ನು ಹೊರಡಿಸಿದ್ದು ಏರಿದ ಬಾಡಿಗೆ. ಉಳ್ಳವರಿಗೆ ಆ ಮೊಹಲ್ಲಾ, ಅದರ ಗೋಡೆಚಿತ್ರಗಳ ಸಮೇತ, ತುಂಬ ಹಿಡಿಸಿಬಿಟ್ಟಿತ್ತು.