ಜಟ್ಟಿಯ ಕಣ್ಣೀರು

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಪಿಂಚಣಿ ಪಡೆದು ಮನೆ ಸೇರಿದ ಹಿರಿಯರನ್ನು ಕಂಡು ಕಿರಿಯರು ನಗೆಯಾಡುವುದಕ್ಕೂ, ಆ ಹಿರಿಯರು ತಮ್ಮನ್ನು ತಾವೇ ಹಳಿದುಕೊಳ್ಳುವುದಕ್ಕೂ ಈ ಮಾತು ಒದಗಿ ಬರುತ್ತದೆ. ದೇಹ ಕುಗ್ಗಿದ ಮೇಲೆ ಬುದ್ಧಿಯೂ ಕುಗ್ಗಲೇಬೇಕೆಂಬುದು ಅದರ ಹಿಂದಿರುವ ನಂಬಿಕೆ. ಈ ನಂಬಿಕೆಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಕಟಕಟೆಗೆ ತಂದು ವಿಚಾರಿಸಿದವನೊಬ್ಬನಿದ್ದಾನೆ. ಅವನು ರೋಮಿನ ಹೆಸರಾಂತ ವಕೀಲ ಸಿಸೆರೋ.

ಅದು ಕ್ರಿ. ಪೂ. 44. ಸಿಸೆರೋವಿಗೆ ಆಗ 62 ವರ್ಷ. ಹಿಂದಿನ ವರ್ಷವಷ್ಟೇ ಅಕ್ಕರೆಯ ಮಗಳು ಟುಲಿಯಾ ತೀರಿಕೊಂಡಿದ್ದಳು. ಸೀಸರನ ಆಳ್ವಿಕೆಯಲ್ಲಿ ಸೆನೆಟ್ಟಿನ ಮಾತಿಗೆ ಬೆಲೆಯಿಲ್ಲದೆ, ಮಹಾ ವಾಗ್ಮಿಯ ನಾಲಗೆಗೆ ಕೆಲಸ ತಪ್ಪಿತ್ತು. ಮನೆ ಬರಿದು, ಸಭೆ ಬರಿದು. ಇಂಥ ಕಾಲದಲ್ಲಿ ಆತ ಲೇಖನಿ ಹಿಡಿದು ಒಂದರ ಹಿಂದೊಂದು ಗ್ರಂಥ ಬರೆದ. ಅವುಗಳಲ್ಲೊಂದು, ಗೆಳೆಯ ಅಟಿಕಸನಿಗೆ ಅರ್ಪಿಸಿದ, ಮುಪ್ಪನ್ನು ಕುರಿತ ಚಿಕ್ಕ ಪುಸ್ತಕ. 84 ವರ್ಷದ ಮುದುಕ ಕೇಟೋ ಇಬ್ಬರು ಕಿರಿಯರೊಡನೆ ಸಂಭಾಷಿಸುವಂತೆ ಅದನ್ನು ರಚಿಸಿದ್ದಾನೆ. ಮುಪ್ಪು ಕೆಲಸದಿಂದ ದೂರ ಮಾಡುತ್ತದೆ, ಮೈ ಸೊರಗಿಸುತ್ತದೆ, ಸುಖಗಳನ್ನು ಕಸಿಯುತ್ತದೆ, ಸಾವಿಗೆ ಸಮೀಪವಾಗಿದೆ. ಇವು ನಾಲ್ಕು ಆಪಾದನೆಗಳು. ಒಂದೊಂದಕ್ಕೂ ಕೇಟೋ ಉತ್ತರ ಕೊಡುತ್ತಾನೆ.

ಎರಡನೆಯ ಆಪಾದನೆಗೆ ಸಾಕ್ಷಿಯಾಗಿ ಬರುವವನು ಮಿಲೋ ಎಂಬ ಜಟ್ಟಿ. ಕ್ರಿ. ಪೂ. ಆರನೆಯ ಶತಮಾನದಲ್ಲಿ ಕ್ರೋಟಾನ್ ನಗರದಲ್ಲಿದ್ದ ಈತ ಒಲಿಂಪಿಯದ ಕುಸ್ತಿಯಲ್ಲಿ ಆರು ಸಲ ಗೆದ್ದವನು. ಜೀವಂತ ಎತ್ತನ್ನು ಹೆಗಲ ಮೇಲೆ ಹೊತ್ತು ಕ್ರೀಡಾಂಗಣವನ್ನು ದಾಟಿದನೆಂದು ಐತಿಹ್ಯ. ಏಳನೆಯ ಸಲ ಕಣಕ್ಕಿಳಿದಾಗ ತನ್ನ ಊರಿನವನೇ ಆದ ಒಬ್ಬ ತರುಣನನ್ನು ಕೆಡವಲು ಅವನಿಂದಾಗಲಿಲ್ಲ. ಮುದುಕನಾದ ಮೇಲೆ ಅವನು ಹುಡುಗರ ಕಸರತ್ತನ್ನು ನೋಡುತ್ತ ನಿಂತು, ತನ್ನ ತೋಳುಗಳತ್ತ ಕಣ್ಣು ಹಾಯಿಸಿ, ಇವು ಸತ್ತುಹೋದವೆಂದು ಅತ್ತನಂತೆ. ಕೇಟೋವಿಗೆ ಕನಿಕರವಿಲ್ಲ. ಸತ್ತದ್ದು ತೋಳಲ್ಲ, ತೋಳನ್ನೇ ನಂಬಿದ್ದ ನೀನು ಎಂಬ ಅರ್ಥದಲ್ಲಿ ಗದರಿಬಿಡುತ್ತಾನೆ.

ಪ್ರತಿಯಾಗಿ ಅವನು ನಿಲ್ಲಿಸುವುದು ಗ್ರೀಕ್ ನಾಟಕಕಾರ ಸಾಫೊಕ್ಲಿಸನನ್ನು. ಬರವಣಿಗೆಯಲ್ಲೇ ಮುಳುಗಿ ಆಸ್ತಿಯನ್ನು ಅಲಕ್ಷಿಸುತ್ತಿದ್ದಾನೆ, ಬುದ್ಧಿ ಕೆಟ್ಟಿದೆ ಎಂದು ಮಕ್ಕಳು ಅವನ ಮೇಲೆ ದಾವೆ ಹೂಡಿದರಂತೆ. ಕವಿ ಆಗತಾನೇ ಬರೆದಿದ್ದ ಈಡಿಪಸನ ಕಡೆಯ ದಿನಗಳ ನಾಟಕವನ್ನು ನ್ಯಾಯಾಧೀಶರ ಮುಂದೆ ಓದಿ, ಇದು ಬುದ್ಧಿಗೆಟ್ಟವನ ಬರಹವೇ ಎಂದು ಕೇಳಿದನಂತೆ. ದಾವೆ ವಜಾ ಆಯಿತು. ಈ ಕಥೆ ನಡೆದದ್ದೇ ಎಂಬ ಬಗ್ಗೆ ವಿದ್ವಾಂಸರಿಗೆ ಅನುಮಾನವುಂಟು. ನಾಟಕದ ಬಗ್ಗೆ ಅನುಮಾನವಿಲ್ಲ. ಸುಮಾರು 90 ವರ್ಷ ಬಾಳಿ ಕ್ರಿ. ಪೂ. 406ರಲ್ಲಿ ತೀರಿಕೊಂಡ ಕವಿಯ ಈ ಕೃತಿಯನ್ನು ಅವನ ಮೊಮ್ಮಗ 401ರಲ್ಲಿ ರಂಗಕ್ಕೆ ತಂದ. ಇಂದಿಗೂ ಅದು ಜಗತ್ತಿನ ಶ್ರೇಷ್ಠ ನಾಟಕಗಳಲ್ಲೊಂದು.

ಆದರೆ ಕೇಟೋ ಹೇಳುವುದು ಬುದ್ಧಿ ತಾನಾಗಿ ಉಳಿಯುತ್ತದೆಂದಲ್ಲ. ಎಣ್ಣೆ ಹೊಯ್ಯದ ದೀಪದಂತೆ ಅದೂ ಆರುತ್ತದೆ. ಆದ್ದರಿಂದ ಅವನು ಪ್ರತಿ ಸಂಜೆ ಆ ದಿನ ಆಡಿದ್ದು, ಕೇಳಿದ್ದು, ಮಾಡಿದ್ದು ಎಲ್ಲವನ್ನೂ ನೆನಪಿಗೆ ತಂದುಕೊಳ್ಳುತ್ತಿದ್ದ. ಮುದಿವಯಸ್ಸಿನಲ್ಲಿ ಗ್ರೀಕ್ ಕಲಿತ. ಇದು ಅವನ ಗರಡಿ. ಹೂತಿಟ್ಟ ಹಣದ ಜಾಗವನ್ನು ಮರೆತ ಮುದುಕನನ್ನು ತಾನು ಕಾಣೆನೆಂದು ನಗಿಸುವುದಕ್ಕೂ ಅವನು ಮರೆಯುವುದಿಲ್ಲ.

ಇಲ್ಲಿ ಕೇಟೋವಿನೊಡನೆ ಒಂದು ತಕರಾರು ತೆಗೆಯಬೇಕಾಗಿದೆ. ಬುದ್ಧಿಯ ಮನೆಯೂ ದೇಹವೇ. ಹೊಸದನ್ನು ಚಟ್ಟನೆ ಹಿಡಿಯುವ ಚುರುಕು ವಯಸ್ಸಿನೊಡನೆ ತಗ್ಗುತ್ತದೆ, ಪದಸಂಪತ್ತು ಮತ್ತು ಅನುಭವದ ತಿಳಿವು ಬಹುಕಾಲ ನಿಲ್ಲುತ್ತವೆ ಎನ್ನುತ್ತದೆ ಇಂದಿನ ಮನಶ್ಶಾಸ್ತ್ರ. ಮರೆವಿನ ರೋಗ ಬಂದರೆ ಎಂಥ ಪಂಡಿತನ ದೀಪವೂ ಆರೀತು. ಅದು ಸೋಮಾರಿತನದ ಫಲವಲ್ಲ, ರೋಗ. ಅಂಥವರನ್ನು ಗದರುವುದು ಸಲ್ಲದು. ಮಿಲೋನನ್ನೂ ಅಷ್ಟು ಹಳಿಯಬೇಕಾಗಿಲ್ಲ. ಅವನು ತನಗಿದ್ದ ಬಂಡವಾಳವನ್ನು ಪೂರ್ತಿಯಾಗಿ ದುಡಿಸಿದವನು. ಅದು ಬೇಗ ಕರಗುವ ಬಂಡವಾಳವಾಗಿತ್ತು, ಬೇರೊಂದನ್ನು ಕೂಡಿಡಲಿಲ್ಲ, ಅಷ್ಟೆ. ಮೂವತ್ತು ವರ್ಷ ಕಡತಗಳನ್ನೇ ನಂಬಿ, ಕೊನೆಯ ದಿನ ಹಾರ ಹಾಕಿಸಿಕೊಂಡು ಬರಿಗೈಯಲ್ಲಿ ಮನೆಗೆ ಬರುವ ನಮ್ಮ ಪಾಡೂ ಅವನದೇ ಅಲ್ಲವೆ?

ಸಿಸೆರೋ ತಾನು ಹೊಗಳಿದ ಮುಪ್ಪನ್ನು ಕಾಣಲಿಲ್ಲ. ಅದೇ ವರ್ಷದ ಮಾರ್ಚಿಯಲ್ಲಿ ಸೀಸರನ ಕೊಲೆಯಾಯಿತು. ಸೆಪ್ಟೆಂಬರಿನಿಂದ ಮುಂದಿನ ಏಪ್ರಿಲ್‌ವರೆಗೆ ಈ ಮುದಿ ವಕೀಲ ಆಂಟನಿಯ ಅಧಿಕಾರದಾಹವನ್ನು ಖಂಡಿಸುವ 14 ಭಾಷಣಗಳನ್ನು ರಚಿಸಿದ. ಕ್ರಿ. ಪೂ. 43ರ ಡಿಸೆಂಬರಿನಲ್ಲಿ ಆಂಟನಿಯ ಕಡೆಯವರು ಅವನನ್ನು ಕೊಂದು, ತಲೆಯನ್ನೂ ಬರೆದ ಕೈಯನ್ನೂ ರೋಮಿನ ಭಾಷಣ ವೇದಿಕೆಯ ಮೇಲೆ ಪ್ರದರ್ಶನಕ್ಕಿಟ್ಟರು. ಅರವತ್ತು ದಾಟಿದವನ ಬುದ್ಧಿ ಸೊರಗಿದ್ದರೆ, ಶತ್ರುಗಳು ಅದಕ್ಕೆ ಇಷ್ಟು ಹೆದರುತ್ತಿದ್ದರೆ?

ನಮ್ಮ ಗಾದೆಗೂ ಒಬ್ಬ ಕವಿ ಬೇರೆ ದಾರಿ ತೋರಿಸಿದ್ದಾರೆ. 1896ರಲ್ಲಿ ಹುಟ್ಟಿದ ಬೇಂದ್ರೆಯವರಿಗೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ತಂದ ಸಂಕಲನದ ಹೆಸರು 'ಅರಳು ಮರಳು'. ಮರಳಿ ಅರಳುವುದು ಎಂದೂ ಅದನ್ನು ಓದಬಹುದು.