ಏರುವಂತೆ ಕಾಣುವ ಇಳಿಜಾರುಗಳು

ಲೇಹ್‌ನಿಂದ ಕಾರ್ಗಿಲ್ ಕಡೆಗೆ ಹೊರಟರೆ ಸುಮಾರು 30 ಕಿಲೋಮೀಟರು ದೂರದಲ್ಲಿ, ಪತ್ಥರ್ ಸಾಹಿಬ್ ಗುರುದ್ವಾರವನ್ನು ದಾಟಿದ ಮೇಲೆ, ರಸ್ತೆಬದಿಯಲ್ಲಿ ದೊಡ್ಡದೊಂದು ಫಲಕ ಎದುರಾಗುತ್ತದೆ. ರಸ್ತೆಯ ಮೇಲೆ ಬಣ್ಣದಿಂದ ಬರೆದ ಚೌಕದೊಳಗೆ ವಾಹನ ನಿಲ್ಲಿಸಿ, ಎಂಜಿನ್ ಆರಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದರೆ ವಾಹನವು ತಾನಾಗಿಯೇ ಏರುದಾರಿಯಲ್ಲಿ ಚಲಿಸತೊಡಗುತ್ತದೆ ಎಂಬುದು ಆ ಸ್ಥಳದ ಪ್ರಸಿದ್ಧಿ. ಎಲ್‌ಟಿಸಿಯ ಕೃಪೆಯಿಂದ ಲಡಾಖ್ ಕಂಡ ನಮ್ಮಂಥ ಕೇಂದ್ರ ಸರ್ಕಾರದ ನೌಕರರಲ್ಲಿ ಆ ಚೌಕದಲ್ಲಿ ಕಾರು ನಿಲ್ಲಿಸದವರು ವಿರಳ. ನಾವೂ ನಿಲ್ಲಿಸಿದೆವು. ಕಾರು ಮೆಲ್ಲನೆ ಹೊರಟಿತು. ಒಂದು ಕ್ಷಣ ಮೈ ಜುಮ್ಮೆಂದದ್ದು ಸುಳ್ಳಲ್ಲ. ಗುರುತ್ವಾಕರ್ಷಣೆಯನ್ನೇ ಧಿಕ್ಕರಿಸುವ ವಿದ್ಯಮಾನವೆಂದು ಫಲಕವು ಸಾರುತ್ತದೆ. ಸ್ಥಳದ ಹೆಸರು ಮ್ಯಾಗ್ನೆಟಿಕ್ ಹಿಲ್, ಎಂದರೆ ಅಯಸ್ಕಾಂತದ ಗುಡ್ಡ. ಮನೆಗೆ ಮರಳಿದ ಮೇಲೆ ನಮ್ಮನ್ನು ಕಾಡಿದ್ದು ಕಾರಿನ ಚಲನೆಗಿಂತ ಹೆಚ್ಚಾಗಿ ಆ ಹೆಸರು. ಇಂತಹ ಗುಡ್ಡಗಳು ಜಗತ್ತಿನ ಅನೇಕ ಕಡೆ ಇವೆ, ಮತ್ತು ಅವುಗಳ ಹೆಸರುಗಳಿಗೇ ಒಂದು ಚರಿತ್ರೆಯಿದೆ.

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಏರ್‌ಶೈರ್‌ನಲ್ಲಿ, ಡನ್ಯೂರ್ ಎಂಬ ಊರಿನ ದಕ್ಷಿಣಕ್ಕೆ, ಕ್ರಾಯ್ ಬ್ರೇ ಎಂಬ ಕಾಲು ಮೈಲಿ ಉದ್ದದ ರಸ್ತೆಯಿದೆ. ಬ್ರೇ ಎಂದರೆ ಅಲ್ಲಿಯ ನುಡಿಯಲ್ಲಿ ದಿಬ್ಬದ ಓರೆ. ಭೂಮಿಯೊಳಗಿನ ವಿದ್ಯುತ್ತೋ ಅಯಸ್ಕಾಂತವೋ ವಾಹನಗಳನ್ನು ಮೇಲಕ್ಕೆ ಸೆಳೆಯುತ್ತದೆಂದು ಜನ ನಂಬಿದ್ದ ಕಾಲದಲ್ಲಿ ಅದಕ್ಕೆ ಎಲೆಕ್ಟ್ರಿಕ್ ಬ್ರೇ ಎಂಬ ಹೆಸರು ಬಂತು. ಹೆಸರು ಇಂದಿಗೂ ಅಳಿದಿಲ್ಲ. ಆದರೆ ಅಲ್ಲಿ ನೆಟ್ಟಿರುವ ಕಲ್ಲಿನ ರೀತಿಯೇ ಬೇರೆ. ಪಶ್ಚಿಮದಲ್ಲಿ ರೈಲು ಸೇತುವೆ ಕಾಣುವ ತಿರುವು ಸಮುದ್ರಮಟ್ಟದಿಂದ 286 ಅಡಿ ಎತ್ತರದಲ್ಲಿದೆ. ಪೂರ್ವದ ಮರಗಳ ಕಣಿವೆ 303 ಅಡಿ ಎತ್ತರದಲ್ಲಿದೆ. ಏರು 86ಕ್ಕೆ 1ರಷ್ಟು. ಹೀಗೆ ಅಂಕಿಗಳನ್ನು ಕೊಟ್ಟು, ಎರಡೂ ಬದಿಯ ನೆಲದ ವಿನ್ಯಾಸವು ಕಣ್ಣಿಗೆ ಇದನ್ನು ತಿರುವುಮುರುವಾಗಿ ತೋರಿಸುತ್ತದೆಂದೂ, ವಿದ್ಯುತ್ತಿನ ಕಲ್ಪನೆ ತಪ್ಪೆಂದೂ ಆ ಕಲ್ಲು ಹೇಳುತ್ತದೆ. ಅಷ್ಟು ದೂರದಲ್ಲಿ ಹದಿನೇಳೇ ಅಡಿಯ ವ್ಯತ್ಯಾಸ. ಅದನ್ನು ಅಳೆದು ಬರೆದವರ ಬಗ್ಗೆ ನಮಗೆ ಗೌರವ ಮೂಡುತ್ತದೆ. ಕಲ್ಲನ್ನು ಓದಿದ ಮೇಲೂ ಪ್ರವಾಸಿಗರು ಅಲ್ಲಿ ಬ್ರೇಕು ಬಿಟ್ಟು ನೋಡುವುದನ್ನು ನಿಲ್ಲಿಸಿಲ್ಲ.

ಅಯಸ್ಕಾಂತದ ಹೆಸರು ಖ್ಯಾತಿ ಪಡೆದದ್ದು ಕೆನಡಾದ ಮಾಂಕ್ಟನ್ ನಗರದ ಬಳಿ. 1933ರಲ್ಲಿ ಸೇಂಟ್ ಜಾನ್ ಎಂಬ ಊರಿನಿಂದ ಕೆಲವು ಪತ್ರಕರ್ತರು ಇಂತಹ ಗುಡ್ಡವೊಂದರ ವದಂತಿಯ ಬೆನ್ನು ಹತ್ತಿ ಕಾರಿನಲ್ಲಿ ಬಂದರು. ದಾರಿದಾರಿಯಲ್ಲಿ ನಿಲ್ಲಿಸಿ ಪರೀಕ್ಷಿಸುತ್ತ ಕೊನೆಗೆ ಅದನ್ನು ಕಂಡುಕೊಂಡರು. ವರದಿ ಪ್ರಕಟವಾಯಿತು, ಜನ ಬಂದರು, ಜನರ ಹಿಂದೆ ಅಂಗಡಿಯೂ ಬಂತು. ಇಂದು ಅಲ್ಲಿ ಅದೇ ಹೆಸರಿನ ಮೃಗಾಲಯವೂ ಇದೆ. ಅಯಸ್ಕಾಂತವೆಂಬುದು ಭೂವಿಜ್ಞಾನಿಗಳ ಮಾತಾಗುವುದಕ್ಕಿಂತ ಹೆಚ್ಚಾಗಿ ವ್ಯಾಪಾರದ ಮಾತಾಗಿತ್ತೆಂದು ನಮಗೆ ತೋರುತ್ತದೆ.

ದಕ್ಷಿಣ ಕೊರಿಯಾದ ಜೇಜು ದ್ವೀಪದವರು ಅಂತಹುದೇ ರಸ್ತೆಯನ್ನು ತಮ್ಮ ಜನಪದ ಭೂತದ ಹೆಸರಿನಿಂದ ಕರೆಯುತ್ತಾರೆ. ಅಮೆರಿಕದ ಸ್ಯಾನ್ ಆಂಟೋನಿಯೋದ ಕಥೆ ಇನ್ನೂ ಮನಕಲಕುವಂಥದ್ದು. ರೈಲು ಹಳಿಯ ಬಳಿ ನಿಂತ ಕಾರನ್ನು ಅಪಘಾತದಲ್ಲಿ ಮಡಿದ ಶಾಲಾ ಮಕ್ಕಳ ಪ್ರೇತಗಳು ಹಳಿಯಾಚೆಗೆ ತಳ್ಳಿ ಕಾಪಾಡುತ್ತವಂತೆ. ಪುಟ್ಟ ಬೆರಳುಗಳ ಗುರುತು ಮೂಡೀತೆಂದು ಜನ ಕಾರಿನ ಹಿಂಭಾಗಕ್ಕೆ ಪೌಡರ್ ಹಚ್ಚುತ್ತಾರೆ. ಶಾಲಾ ಬಸ್ಸಿಗೆ ರೈಲು ಬಡಿದು ಮಕ್ಕಳು ಸತ್ತದ್ದು ನಿಜ. ಆದರೆ ಅದು ನಡೆದದ್ದು 1938ರ ಡಿಸೆಂಬರಿನಲ್ಲಿ, ಬಹುದೂರದ ಯೂಟಾ ರಾಜ್ಯದಲ್ಲಿ. ಎಲ್ಲಿಯದೋ ತಾಯಂದಿರ ದುಃಖವು ಇನ್ನೆಲ್ಲಿಯದೋ ಇಳಿಜಾರಿಗೆ ಬಂದು ಅಂಟಿಕೊಂಡಿತು.

ಈ ಕಥೆಗಳಲ್ಲಿ ಹೆಚ್ಚಿನವು ಮೋಟಾರು ಕಾರಿನೊಡನೆ ಬೆಳೆದವೆಂಬುದು ಗಮನಾರ್ಹ. ಎತ್ತಿನ ಗಾಡಿಯವನಿಗೆ ಈ ಮೋಸ ಅಷ್ಟು ಸುಲಭವಾಗಿ ಆಗುತ್ತಿರಲಿಲ್ಲವೆಂದು ನಮ್ಮ ಊಹೆ. ಏರು ಬಂದರೆ ಎತ್ತಿನ ಹೆಜ್ಜೆ ಭಾರವಾಗುತ್ತದೆ, ಇಳಿಜಾರಾದರೆ ಗಾಡಿ ಹಿಂದಿನಿಂದ ನೂಕುತ್ತದೆ; ಎತ್ತಿನ ಕೊರಳೇ ಅವನ ರಸಮಟ್ಟ. ಕಾರಿನೊಳಗೆ ಕುಳಿತವನಿಗೆ ಕಣ್ಣನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಆ ಕಣ್ಣನ್ನೇ ಪರೀಕ್ಷಿಸಿದವರು ಇಟಲಿಯ ಪಾದುವಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಪಾವೋಲಾ ಬ್ರೆಸ್ಸಾನ್ ಮತ್ತು ಅವರ ಸಂಗಡಿಗರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮೇಜಿನ ಮೇಲೆ ಪುಟ್ಟ ರಸ್ತೆಗಳ ಮಾದರಿಗಳನ್ನು ನಿರ್ಮಿಸಿ ನೋಡುಗರಿಗೆ ತೋರಿಸಲಾಯಿತು. ನಿಜವಾದ ದಿಗಂತ ಮರೆಯಾದಾಗ ಕಣ್ಣು ಸುತ್ತಲಿನ ನೆಲವನ್ನೇ ಅಳತೆಗೋಲಾಗಿ ಹಿಡಿಯುತ್ತದೆ; ಕಡಿದಾದ ಇಳಿಜಾರಿನ ಪಕ್ಕದ ಅಲ್ಪ ಇಳಿಜಾರು ಏರಿನಂತೆ ತೋರುತ್ತದೆ. ಕೊನೆಯಲ್ಲಿ ಆ ಮಾದರಿಯ ಮೇಲೆ ಟೇಪಿನ ಸುರುಳಿಯೊಂದನ್ನಿಟ್ಟಾಗ ಅದು ಮೇಲಕ್ಕೆ ಉರುಳಿದಂತೆ ಕಂಡಿತು. ಕೆಲವರಿಗೆ ಭಯಭಕ್ತಿಯೂ ಉಂಟಾಯಿತಂತೆ, ಅದೂ ಮೇಜಿನ ಮೇಲಿನ ಆಟಿಕೆಯನ್ನು ಕಂಡು!

ನಮ್ಮ ಸಂವಿಧಾನದ 51ಎ ವಿಧಿಯು ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ. ಕಚೇರಿಯಲ್ಲಿ ಒಂದು ಸುತ್ತೋಲೆಯ ಅಲ್ಪವಿರಾಮಕ್ಕೂ ಮೂರು ಸಹಿ ಬೇಡುವ ನಮಗೆ, ಹೆದ್ದಾರಿಯ ಬದಿಯಲ್ಲಿ ನಿಂತು ದಿನವೂ ನೂರಾರು ಜನರಿಗೆ ಪಾಠ ಹೇಳುವ ಫಲಕದ ಮಾತು ಹಗುರವೆನಿಸಬಾರದು. ಎರಡು ತುದಿಗಳ ಎತ್ತರವನ್ನು ಬರೆದರೆ ಸಾಕಿತ್ತು.

ಕಳೆದ ಬೇಸಿಗೆಯಲ್ಲಿ ಮತ್ತೆ ಆ ದಾರಿಯಲ್ಲಿ ಹೋದಾಗ ಚೌಕದ ಬಳಿ ಇಳಿದು ಬಾಟಲಿಯ ನೀರನ್ನು ಟಾರಿನ ಮೇಲೆ ಸುರಿದೆವು. ಅಯಸ್ಕಾಂತಕ್ಕೆ ಕಬ್ಬಿಣ ಬೇಕು, ನೀರಿಗೆ ಇಳಿಜಾರು ಸಾಕು. ನೀರು ಕಾರು ಹೋದ ದಿಕ್ಕಿಗೇ ಹರಿಯಿತು. ನಮ್ಮ ಕಣ್ಣಿಗೆ ಮಾತ್ರ ಅದು ಏರೇ. ಪಕ್ಕದ ಟ್ಯಾಕ್ಸಿಯಿಂದ ಇಳಿದ ಕುಟುಂಬವೊಂದು ಅದನ್ನು ಕಂಡು, ನೋಡಿ, ಇಲ್ಲಿ ನೀರೂ ಮೇಲಕ್ಕೇ ಹರಿಯುತ್ತದೆ ಎಂದು ಸಂಭ್ರಮದಿಂದ ವಿಡಿಯೊ ಮಾಡಿಕೊಂಡಿತು. ನಾವು ಸ್ಕಾಟ್ಲೆಂಡಿನ 286 ಮತ್ತು 303 ಅಡಿಗಳ ಮಾತು ತೆಗೆಯುವಷ್ಟರಲ್ಲಿ ಅವರ ಟ್ಯಾಕ್ಸಿ ಹೊರಟಿತ್ತು.