ಫಶೋಡಾ: ಮಣ್ಣಿನ ಕೋಟೆಯೊಂದರ ಸುತ್ತ ಎರಡು ಸಾಮ್ರಾಜ್ಯಗಳು

ಹಾಳುಬಿದ್ದ ಒಂದು ಮಣ್ಣಿನ ಕೋಟೆಗಾಗಿ ಬ್ರಿಟನ್ ಮತ್ತು ಫ್ರಾನ್ಸ್ 1898ರಲ್ಲಿ ಯುದ್ಧದ ಅಂಚಿಗೆ ಬಂದು ನಿಂತಿದ್ದವು. ಕೋಟೆ ಇದ್ದದ್ದು ಆಫ್ರಿಕದ ಶ್ವೇತ ನೈಲ್ ನದಿಯ ದಂಡೆಯ ಫಶೋಡಾದಲ್ಲಿ. ಸುತ್ತಲೂ ಜೌಗು, ಸೊಳ್ಳೆ, ಜ್ವರ. ಹಾಗಿದ್ದರೂ ಅದು ಇಬ್ಬರಿಗೂ ಬೇಕಾಗಿತ್ತು.

ಪಶ್ಚಿಮ ಕರಾವಳಿಯಿಂದ ಕೆಂಪು ಸಮುದ್ರದವರೆಗೆ ಆಫ್ರಿಕಕ್ಕೆ ಅಡ್ಡಲಾಗಿ ತನ್ನ ನೆಲ ಚಾಚಬೇಕೆಂಬುದು ಫ್ರಾನ್ಸಿನ ಕನಸು. ಕೈರೋದಿಂದ ಕೇಪ್‌ವರೆಗೆ ಉದ್ದಕ್ಕೂ ತನ್ನದೇ ಆಳ್ವಿಕೆ ಇರಬೇಕೆಂಬುದು ಬ್ರಿಟಿಷ್ ಸಾಮ್ರಾಜ್ಯವಾದಿಗಳ ಕನಸು. ಈ ಎರಡು ಗೆರೆಗಳು ಸಂಧಿಸುವುದು ನೈಲ್ ಕಣಿವೆಯಲ್ಲಿ. ಬ್ರಿಟಿಷರಿಗೆ ಇನ್ನೊಂದು ಅಂಜಿಕೆಯೂ ಇತ್ತು. 1882ರಲ್ಲಿ ಅವರು ಆಕ್ರಮಿಸಿದ್ದ ಈಜಿಪ್ಟ್ ಬದುಕುವುದು ನೈಲ್ ನೀರಿನಿಂದ. ಭಾರತಕ್ಕೆ ಬರುವ ಹಡಗುಗಳ ದಾರಿ ಈಜಿಪ್ಟಿನ ಸೂಯೆಜ್ ಕಾಲುವೆ. ನದಿಯ ಮೇಲ್ಭಾಗ ಪರರ ಪಾಲಾದರೆ ಗತಿಯೇನು?

1898ರ ಜುಲೈ 10ರಂದು ಫ್ರೆಂಚ್ ಸೇನಾಧಿಕಾರಿ ಮಾರ್ಶಾಂ ಅಲ್ಲಿಗೆ ತಲುಪಿದ. ಜತೆಗೆ ಬೆರಳೆಣಿಕೆಯ ಅಧಿಕಾರಿಗಳು, ನೂರಕ್ಕೆ ಸ್ವಲ್ಪ ಮೇಲ್ಪಟ್ಟು ಆಫ್ರಿಕನ್ ಸೈನಿಕರು. ಅಟ್ಲಾಂಟಿಕ್ ಕರಾವಳಿಯಿಂದ ಕಾಡು, ಜೌಗು ದಾಟಿ ಎರಡು ವರ್ಷ ನಡೆದ ಪಯಣವದು. ಸಣ್ಣ ಉಗಿದೋಣಿಯೊಂದನ್ನು ಬಿಡಿಭಾಗಗಳಾಗಿ ಬಿಚ್ಚಿ ಹೊತ್ತು ತಂದಿದ್ದರು. ಹೊತ್ತವರು ಸ್ಥಳೀಯ ಕೂಲಿಗಳು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಸೆಪ್ಟೆಂಬರ್ 2ರಂದು ಒಮ್‌ಡುರ್ಮಾನ್‌ನಲ್ಲಿ ಸೂಡಾನಿನ ಸೈನ್ಯವನ್ನು ಮೆಷಿನ್ ಗನ್‌ಗಳಿಂದ ಧೂಳೀಪಟ ಮಾಡಿದ ಕಿಚನರ್, ಫಿರಂಗಿ ದೋಣಿಗಳೊಡನೆ ಫಶೋಡಾಕ್ಕೆ ಬಂದ. (ಮುಂದೆ 1902ರಲ್ಲಿ ಭಾರತದ ಸೇನೆಗೆ ದಂಡನಾಯಕನಾದವನೂ ಇವನೇ.) 19ರಂದು ಇಬ್ಬರೂ ಮುಖಾಮುಖಿಯಾದರು. ಕಿಚನರ್ ಜಾಣ. ಈಜಿಪ್ಟ್ ಸೇನೆಯ ಸಮವಸ್ತ್ರ ಧರಿಸಿ ಬಂದು, ಈಜಿಪ್ಟಿನ ಬಾವುಟವನ್ನೇ ನೆಟ್ಟ. ಗುಂಡು ಹಾರಲಿಲ್ಲ. ವಿಸ್ಕಿ ಕುಡಿದು, ನಿರ್ಧಾರವನ್ನು ತಮ್ಮ ತಮ್ಮ ರಾಜಧಾನಿಗಳಿಗೆ ಬಿಟ್ಟರು.

ಹೋಗುವ ಮುನ್ನ ಬ್ರಿಟಿಷರು ಫ್ರೆಂಚರಿಗೆ ಕೊಟ್ಟ ಉಡುಗೊರೆಗಳಲ್ಲಿ ಪ್ಯಾರಿಸ್ಸಿನ ಪತ್ರಿಕೆಗಳೂ ಇದ್ದವು. ಡ್ರೈಫಸ್ ಪ್ರಕರಣ ತಮ್ಮ ದೇಶವನ್ನು ಎರಡು ಹೋಳು ಮಾಡಿದೆಯೆಂದು ಅವನ್ನು ಓದಿ ತಿಳಿದ ಅಧಿಕಾರಿಗಳು ಕಣ್ಣೀರಿಟ್ಟರಂತೆ. ಫಿರಂಗಿಗಿಂತ ಈ ಕಾಗದವೇ ಹೆಚ್ಚು ನೋಯಿಸಿರಬೇಕು.

ಪ್ಯಾರಿಸ್ಸಿನಲ್ಲಿ ವಿದೇಶಾಂಗ ಸಚಿವ ಡೆಲ್ಕಾಸೆಯ ಲೆಕ್ಕ ಸರಳವಾಗಿತ್ತು. ಬ್ರಿಟಿಷ್ ನೌಕಾಪಡೆಯನ್ನು ಎದುರಿಸುವ ಶಕ್ತಿ ಫ್ರಾನ್ಸಿಗಿಲ್ಲ. ಬೆನ್ನ ಹಿಂದೆ, 1871ರಲ್ಲಿ ಆಲ್ಸೇಸ್-ಲೊರೇನ್ ಕಿತ್ತುಕೊಂಡ ಜರ್ಮನಿ ಇದೆ. ಎರಡು ವೈರ ಒಟ್ಟಿಗೆ ಕಟ್ಟಿಕೊಳ್ಳಲಾಗದು. ನವೆಂಬರ್‌ನಲ್ಲಿ ಹಿಂದೆಗೆಯಲು ಆದೇಶ ಹೋಯಿತು. ಡಿಸೆಂಬರ್ 11ರಂದು ಮಾರ್ಶಾಂ ಫಶೋಡಾ ಬಿಟ್ಟ.

ಆ ಅವಮಾನವನ್ನು ನುಂಗಿಕೊಂಡ ಡೆಲ್ಕಾಸೆಯೇ ಮುಂದೆ ಬ್ರಿಟನ್ ಜತೆ ಚೌಕಾಸಿಗೆ ಕುಳಿತ. 1904ರ ಏಪ್ರಿಲ್ 8ರಂದು ಸಹಿ ಬಿತ್ತು: ಈಜಿಪ್ಟಿನಲ್ಲಿ ಬ್ರಿಟನ್ನಿಗೆ ಫ್ರಾನ್ಸ್ ಅಡ್ಡಿಪಡಿಸದು, ಮೊರೊಕ್ಕೊದಲ್ಲಿ ಫ್ರಾನ್ಸಿಗೆ ಬ್ರಿಟನ್ ಅಡ್ಡಬಾರದು. ಈಜಿಪ್ಟಿನವರನ್ನಾಗಲಿ ಮೊರೊಕ್ಕೊದವರನ್ನಾಗಲಿ ಯಾರೂ ಕೇಳಲಿಲ್ಲ. ಹೊಸ ಗೆಳೆತನವನ್ನು ಮುರಿಯಲು ಜರ್ಮನಿಯ ಕೈಸರ್ 1905ರಲ್ಲಿ ಮೊರೊಕ್ಕೊದ ಟಾಂಜಿಯರ್‌ಗೇ ಹೋಗಿ ಸುಲ್ತಾನನ ಪರ ಮಾತಾಡಿದ. ಆದದ್ದು ಉಲ್ಟಾ, ಲಂಡನ್ ಮತ್ತು ಪ್ಯಾರಿಸ್ ಇನ್ನಷ್ಟು ಹತ್ತಿರವಾದವು, ಸೇನಾಧಿಕಾರಿಗಳ ಗುಟ್ಟಿನ ಮಾತುಕತೆಗಳೂ ಶುರುವಾದವು. 1914ರಲ್ಲಿ ಮಹಾಯುದ್ಧ ಸಿಡಿದಾಗ ಫಶೋಡಾದ ವೈರಿಗಳು ಒಂದೇ ಪಾಳೆಯದಲ್ಲಿದ್ದರು.

ಫ್ರೆಂಚರ ಮನಸ್ಸು ನೋಯದಿರಲೆಂದು ಬ್ರಿಟಿಷರು ಫಶೋಡಾ ಎಂಬ ಹೆಸರನ್ನೇ ನಕ್ಷೆಯಿಂದ ತೆಗೆದುಹಾಕಿದರು. ಆ ಊರು ಈಗ ಕೊಡೋಕ್. 2011ರಲ್ಲಿ ಸ್ವತಂತ್ರವಾದ ದಕ್ಷಿಣ ಸೂಡಾನಿನಲ್ಲಿದೆ.